ಉಜಿರೆಯ ರುಡ್‌ಸೆಟ್: ಯಾವ ಕೆಲಸ ಹಿಡಿಯಲಿ ಅನ್ನುವವರಿಗೆ

ಬಿಕಾಂ ಮುಗಿಸಿ ಬೆಂಗಳೂರಿನ ಒಂದು ಆಫೀಸಿನಲ್ಲಿ ಬಿಲ್ಲಿಂಗ್ ಕೆಲಸದಲ್ಲಿದ್ದೆ. ಆಫೀಸು ಮುಚ್ಚಿತು. ಬೇರೆ ಕಡೆ ಅರ್ಜಿ ಹಾಕಿದರೆ ಉತ್ತರವೇ ಇಲ್ಲ. ಬೆಳ್ತಂಗಡಿ ತಾಲೂಕಿನ ನಮ್ಮ ಊರಿಗೆ ಬಂದೆ. ಇಲ್ಲಿ ಸಲಹೆಗೇನೂ ಬರಗಾಲ ಇರಲಿಲ್ಲ. ಮಾವ ಗಲ್ಫಿಗೆ ಹೋಗು ಎಂದರು. ಅಕ್ಕ ಸರ್ಕಾರಿ ಪರೀಕ್ಷೆಗೆ ಓದು ಎಂದಳು. ಜೊತೆಗೆ ಓದಿದವರೆಲ್ಲ ಮೊಬೈಲ್ ರಿಪೇರಿ ಅಂಗಡಿ ಇಡು ಎಂದರು. ಕೆಲಸ ಸಿಗದ ಕಷ್ಟ ಒಂದು ಕಡೆಯಾದರೆ, ಯಾವ ಕೆಲಸದ ಹಿಂದೆ ಬೀಳಬೇಕು ಅಂತ ಗೊತ್ತಾಗದ ಕಷ್ಟ ಇನ್ನೊಂದು ಕಡೆ. ಈ ಎರಡನೆಯದರಲ್ಲಿ ಸಿಕ್ಕಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ, ಉಜಿರೆಯ ಸಿದ್ಧವನದಲ್ಲಿರುವ ರುಡ್‌ಸೆಟ್ ಸಂಸ್ಥೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಶುರುವಾಗಿದ್ದು 1982ರಲ್ಲಿ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಅಲ್ಲಿನ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಮಾಡಿದ್ದು. ಇದೇ ಮಾದರಿಯನ್ನು ನೋಡಿ ಕೇಂದ್ರ ಸರ್ಕಾರ 2009ರಿಂದ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ಇಂಥದ್ದೇ ತರಬೇತಿ ಕೇಂದ್ರಗಳನ್ನು ಮಾಡಿಸಿತು. ಹಾಗಾಗಿ ನೀವು ಕಲಬುರಗಿಯವರಾದರೂ ಹಾಸನದವರಾದರೂ ಉಜಿರೆಗೇ ಬರಬೇಕೆಂದಿಲ್ಲ, ನಿಮ್ಮ ಜಿಲ್ಲೆಯಲ್ಲೇ ಕೇಳಿ ನೋಡಿ. ತರಬೇತಿ, ಊಟ, ವಸತಿ ಎಲ್ಲ ಉಚಿತ. ನಾನು ಸೇರುವಾಗ ವಯಸ್ಸು 18ರಿಂದ 45ರ ಒಳಗಿರಬೇಕಿತ್ತು.

ನಾನು ಹೋಗಿದ್ದು ಮೊಬೈಲ್ ರಿಪೇರಿ ಕಲಿಯೋಣ ಅಂತ. ಸಂದರ್ಶನದಲ್ಲಿ ಕೂತಿದ್ದವರು ನನ್ನ ಮಾರ್ಕ್ಸ್ ಕಾರ್ಡನ್ನು ನೋಡಲೇ ಇಲ್ಲ. "ನಿಮ್ಮ ಪೇಟೆಯಲ್ಲಿ ಮೊಬೈಲ್ ಅಂಗಡಿ ಎಷ್ಟುಂಟು? ಅವರನ್ನು ಬಿಟ್ಟು ಜನ ನಿಮ್ಮ ಹತ್ರ ಯಾಕೆ ಬರ್ಬೇಕು?" ಎಂದು ಕೇಳಿದರು. ಹಾಗೆ ಕೇಳಿದ್ದು ನನಗೆ ಬಹಳ ಹಿಡಿಸಿತು. ಕೆಲಸ ಕೊಡಿಸುತ್ತೇವೆ ಎಂದು ಮೊದಲೇ ದುಡ್ಡು ಕಟ್ಟಿಸಿಕೊಂಡಿದ್ದ ಬೆಂಗಳೂರಿನ ಏಜೆನ್ಸಿಯೊಂದು ಇಂಥ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಇವರು, "ನಾಲ್ಕು ದಿನ ಊರಲ್ಲಿ ತಿರುಗಿ. ಜನ ಯಾವುದಕ್ಕೆ ಕಾದು ಕೂತಿದ್ದಾರೆ ನೋಡಿ, ಮತ್ತೆ ಬನ್ನಿ" ಎಂದು ಕಳಿಸಿದರು.

ತಿರುಗಿದೆ. ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಲಿಲ್ಲ. ನಮ್ಮದು ಅಡಿಕೆ ತೋಟದ ಊರು. ಮಾರ್ಚ್‌ನಿಂದ ಮೇ ತನಕ ಮೂರ್ನಾಲ್ಕು ದಿನಕ್ಕೊಮ್ಮೆ ತೋಟಕ್ಕೆ ನೀರು ಬಿಡಲೇಬೇಕು. ಅದೇ ಹೊತ್ತಿಗೆ ಎಲ್ಲರ ಪಂಪೂ ಓಡುತ್ತವೆ, ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಇಳಿದರೆ ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತದೆ, ಒಳಗೆ ಸುತ್ತಿದ ತಂತಿ, ಅಂದರೆ ಕಾಯಿಲ್, ಬಿಸಿಯಾಗಿ ಸುಡುತ್ತದೆ. ತ್ರೀ ಫೇಸ್‌ನಲ್ಲಿ ಒಂದು ಫೇಸ್ ಹೋದರಂತೂ ಕೇಳುವುದೇ ಬೇಡ. ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯೊಂದರ ಹಿಂದೆ ಗೋಣಿಚೀಲ ಹಾಸಿ ಸುಟ್ಟ ಮೋಟಾರುಗಳನ್ನು ಸಾಲಾಗಿ ಇಟ್ಟಿದ್ದರು. ಪ್ರತಿಯೊಂದಕ್ಕೂ ತಂತಿಯಲ್ಲಿ ಒಂದು ರಟ್ಟಿನ ತುಂಡು ಕಟ್ಟಿ, ಅದರ ಮೇಲೆ ಮನೆ ಹೆಸರು ಬರೆದಿತ್ತು. ಎರಡು ಹೆಸರು ನಮ್ಮ ನೆರೆಮನೆಯವರದ್ದೇ. "ವೈಂಡಿಂಗ್‌ಗೆ ಮಂಗಳೂರಿಗೆ ಕಳಿಸೋದು. ವಾರ ಆಗ್ತದೆ, ಕೆಲವೊಮ್ಮೆ ಹತ್ತು ದಿನ. ಅಷ್ಟರಲ್ಲಿ ತೋಟ ಒಣಗ್ತದೆ ಮಾರಾಯ್ರೆ" ಎಂದರು ಅಂಗಡಿಯವರು.

ಹಾಗೆ ಮೋಟಾರ್ ರಿವೈಂಡಿಂಗ್ (ಸುಟ್ಟ ಕಾಯಿಲ್ ತೆಗೆದು ಹೊಸದು ಸುತ್ತುವುದು) ಮತ್ತು ಪಂಪ್‌ಸೆಟ್ ರಿಪೇರಿ ತರಬೇತಿಗೆ ಸೇರಿದೆ. ಬ್ಯಾಚ್ ಶುರುವಾಗುವ ತನಕ ಕಾಯಬೇಕಾಯಿತು.

ಒಂದು ತಿಂಗಳ ತರಬೇತಿಯಲ್ಲಿ ಕೈಕೆಲಸದ ಜೊತೆಗೆ ಉದ್ಯಮಶೀಲತೆಯ ಪಾಠವೂ ಇರುತ್ತದೆ. ಪಾಠ ಎಂದರೆ ಬರೀ ಭಾಷಣ ಅಂದುಕೊಳ್ಳಬೇಡಿ. ಒಂದು ದಿನ ನೆಲದಲ್ಲಿ ಒಂದು ಗೂಟ ಇಟ್ಟು, ಕೈಗೆ ರಿಂಗ್ ಕೊಟ್ಟು ಎಸೆಯಲು ಹೇಳಿದರು. ಎಷ್ಟು ದೂರದಿಂದ ಅನ್ನುವುದು ನಮ್ಮಿಷ್ಟ. ಹತ್ತಿರ ನಿಂತರೆ ಕಡಿಮೆ ಅಂಕ, ದೂರ ನಿಂತರೆ ಜಾಸ್ತಿ. ಕೆಲವರು ಗೂಟದ ಪಕ್ಕದಲ್ಲೇ ನಿಂತು ಹಾಕಿದರು. ಕೆಲವರು ಗೋಡೆಯ ತನಕ ಹಿಂದೆ ಹೋಗಿ ಎಸೆದರು. ಇದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ತಮ್ಮ ಅಧ್ಯಯನದಲ್ಲಿ ಬಳಸಿದ ಆಟ. ತನ್ನ ಕೈ ಎಷ್ಟು ದೂರ ಸಾಗುತ್ತದೆ ಎಂದು ಅಳೆದು ಮಧ್ಯದಲ್ಲಿ ನಿಲ್ಲುವವರು ಸಾಮಾನ್ಯವಾಗಿ ಹಿಡಿದ ಕೆಲಸ ದಡ ಸೇರಿಸುತ್ತಾರೆ ಎಂದು ಅವರು ಕಂಡುಕೊಂಡಿದ್ದರು. ಆಟ ಮುಗಿದ ಮೇಲೆ ಪ್ರತಿಯೊಬ್ಬರೂ ತಾನು ನಿಂತ ಜಾಗಕ್ಕೆ ಕಾರಣ ಹೇಳಬೇಕು. ಗೋಡೆ ಹತ್ತಿರ ನಿಂತಿದ್ದ ಹುಡುಗನೊಬ್ಬ ಮೊದಲ ವರ್ಷವೇ ಸಾಲ ಮಾಡಿ ದೊಡ್ಡ ವರ್ಕ್‌ಶಾಪ್ ಹಾಕುವ ಯೋಚನೆಯಲ್ಲಿದ್ದ. ಅದರ ಬಗ್ಗೆ ಅವತ್ತು ಸಂಜೆ ತನಕ ಮಾತಾಯಿತು.

ಆಮೇಲೆ ಮಾರುಕಟ್ಟೆ ಸಮೀಕ್ಷೆ. ಗುಂಪು ಮಾಡಿ ಪೇಟೆಗೆ ಕಳಿಸುತ್ತಾರೆ. ತಾಮ್ರದ ತಂತಿ ಕೆಜಿಗೆ ಎಷ್ಟು, ಒಂದು ಎಚ್‌ಪಿ ಮೋಟಾರಿಗೆ ಕೂಲಿ ಎಷ್ಟು, ಉದ್ರಿ ಎಷ್ಟು ನಿಲ್ಲುತ್ತದೆ, ಮಳೆಗಾಲದಲ್ಲಿ ಏನು ಮಾಡುತ್ತೀರಿ, ಎಲ್ಲ ಕೇಳಿ ಬರೆದುಕೊಂಡು ಬರಬೇಕು. ಮಳೆಗಾಲದ ಪ್ರಶ್ನೆ ನನಗೆ ತುಂಬಾ ಕೆಲಸಕ್ಕೆ ಬಂತು. ಜೂನ್ ಬಂದರೆ ಪಂಪು ನಿಲ್ಲುತ್ತದೆ, ಕೆಲಸವೂ ನಿಲ್ಲುತ್ತದೆ. ಆಗ ಮಿಕ್ಸಿ, ಫ್ಯಾನ್, ಔಷಧಿ ಹೊಡೆಯುವ ಪಂಪು ಇವನ್ನೂ ರಿಪೇರಿ ಮಾಡುವವರು ಮಾತ್ರ ಅಂಗಡಿ ಬಾಗಿಲು ತೆಗೆದಿಡುತ್ತಾರೆ. ನಾನೂ ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡೆ.

ಕೈಕೆಲಸ ಕಲಿಸಿದ ಮೇಷ್ಟ್ರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. "ಬರೆದುಕೊಳ್ಳದೆ ಉಳಿ ಮುಟ್ಟಬೇಡಿ" ಅನ್ನುವುದು ಅವರ ಮೊದಲ ಮಾತು. ಸುಟ್ಟ ಕಾಯಿಲ್ ಕತ್ತರಿಸುವ ಮೊದಲು ಸ್ಟೇಟರ್‌ನಲ್ಲಿ (ಮೋಟಾರಿನ ತಿರುಗದ ಭಾಗ) ಕಾಯಿಲ್ ಕೂರುವ ಸ್ಲಾಟ್ ಎಷ್ಟು, ಕಾಯಿಲ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಕನೆಕ್ಷನ್ ಹೇಗಿದೆ ಎಂದು ಪುಸ್ತಕದಲ್ಲಿ ಚಿತ್ರ ಬರೆಯಬೇಕು. ಬಿಚ್ಚಿದ ಮೇಲೆ ಸುತ್ತು ಎಣಿಸಬೇಕು, ತಂತಿಯ ಗೇಜು ಅಳೆಯಬೇಕು. ಆಮೇಲೆ ಸ್ಲಾಟ್ ಕ್ಲೀನ್ ಮಾಡಿ ಇನ್ಸುಲೇಷನ್ ಪೇಪರ್ ಕೂರಿಸಿ, ಹೊಸ ಕಾಯಿಲನ್ನು ಎಳೆ ಎಳೆಯಾಗಿ ಒಳಗೆ ಇಳಿಸುವುದು. ಇಲ್ಲಿ ಅವಸರ ನಡೆಯುವುದಿಲ್ಲ. ತಂತಿಯ ಮೇಲಿನ ಇನಾಮಲ್ ಒಂದು ಕಡೆ ಕೆರೆದರೆ ಸಾಕು, ಇಡೀ ಮೋಟಾರು ಮತ್ತೆ ಸುಡುತ್ತದೆ. ವಾರ್ನಿಷ್ ಹಾಕಿ ಒಣಗಿಸಿ, ಟೆಸ್ಟ್ ಮಾಡಿ, ಕರೆಂಟ್ ಕೊಟ್ಟಾಗ ಮೋಟಾರು ಸದ್ದಿಲ್ಲದೆ ತಿರುಗಿತು. ಆ ಖುಷಿ ಬಿಲ್ಲಿಂಗ್ ಕೆಲಸದಲ್ಲಿ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಶಿಸ್ತು ಸ್ವಲ್ಪ ಗಟ್ಟಿ. ಬೆಳಿಗ್ಗೆ ಬೇಗ ಏಳಬೇಕು, ಯೋಗ, ಪ್ರಾರ್ಥನೆ, ಶ್ರಮದಾನ ಇರುತ್ತದೆ. ‘ಮಿಲ್ಲಿ’ ಅಂತ ಒಂದು ಹೊತ್ತು ಇದೆ. ನಿನ್ನೆ ಯಾವ ಕ್ಷಣ ಇಷ್ಟವಾಯಿತು ಎಂದು ಎಲ್ಲರ ಮುಂದೆ ನಿಂತು ಹೇಳಬೇಕು. ನಮ್ಮ ಬ್ಯಾಚಿನಲ್ಲಿ ಮೊದಲ ದಿನ ಬಾಯಿ ಬಿಡದವರು ಕೊನೆಯ ವಾರದಲ್ಲಿ ಗಿರಾಕಿ ಹತ್ತಿರ ರೇಟು ಮಾತಾಡುವ ಹಾಗೆ ಮಾತಾಡುತ್ತಿದ್ದರು.

ಹೋಗುವ ಮೊದಲು ಕೆಲವು ವಿಷಯ ತಿಳಿದಿರಲಿ. ಒಂದು ತಿಂಗಳಲ್ಲಿ ಯಾರೂ ಪೂರ್ತಿ ಮೆಕ್ಯಾನಿಕ್ ಆಗುವುದಿಲ್ಲ. ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪಿಗೆ ಇನ್ನೂ ಅನುಭವ ಬೇಕು. ನಾನು ತರಬೇತಿ ಮುಗಿಸಿ ಒಂದು ಬೇಸಿಗೆ ಪೂರ್ತಿ ಹಳೆಯ ಮೆಕ್ಯಾನಿಕ್ ಒಬ್ಬರ ಜೊತೆ ಕೆಲಸ ಮಾಡಿದೆ. ಹಾಗೆಯೇ ಸರ್ಟಿಫಿಕೇಟ್ ತೋರಿಸಿ ಸಂಬಳದ ಕೆಲಸ ಹಿಡಿಯೋಣ ಅನ್ನುವವರಿಗೆ ಈ ಜಾಗ ಅಷ್ಟು ಸರಿಹೋಗುವುದಿಲ್ಲ. ಇಲ್ಲಿ ಎಲ್ಲವೂ ಸ್ವಂತ ಉದ್ಯೋಗದ ಕಡೆಗೇ ಇದೆ.

ಸಾಲದ ವಿಷಯವನ್ನು ಚೆನ್ನಾಗಿ ಹೇಳಿಕೊಡುತ್ತಾರೆ. ಸ್ವಂತ ಉದ್ಯೋಗ ಶುರು ಮಾಡುವವರಿಗೆ ಸಬ್ಸಿಡಿ ಸಾಲ ಕೊಡಿಸುವ ಕೇಂದ್ರದ ಯೋಜನೆ ಪಿಎಂಇಜಿಪಿಯಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಯೋಜನೆ ವೆಚ್ಚದ 25%, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು ಮುಂತಾದವರಿಗೆ 35% ಸಬ್ಸಿಡಿ ಇದೆ. ಸಣ್ಣದಾಗಿ ಶುರು ಮಾಡುವವರಿಗೆ ಕೇಂದ್ರದ ಮುದ್ರಾ ಯೋಜನೆಯ ‘ಶಿಶು’ ಎಂಬ ಸಾಲ, 50,000 ರೂಪಾಯಿ ತನಕ, ಅಡಮಾನ ಇಲ್ಲದೆ. ಆದರೂ ನಾನು ಮೊದಲು ಹೋದ ಬ್ಯಾಂಕ್ ಶಾಖೆಯಲ್ಲಿ ಜಾಗದ ಕಾಗದಪತ್ರ ಕೇಳಿ ವಾಪಸ್ ಕಳಿಸಿದರು. ಸಂಸ್ಥೆಯವರಿಗೆ ಫೋನ್ ಮಾಡಿದೆ. ಅವರೇ ಪ್ರಾಜೆಕ್ಟ್ ರಿಪೋರ್ಟ್ ಇನ್ನೊಮ್ಮೆ ನೋಡಿ, ಎಲ್ಲಿಗೆ ಹೋಗಬೇಕು, ಏನು ಕೇಳಬೇಕು ಹೇಳಿದರು. ತರಬೇತಿ ಮುಗಿದ ಮೇಲೆ ಎರಡು ವರ್ಷ ಹೀಗೆ ಬೆನ್ನಿಗೆ ನಿಲ್ಲುವುದು ಇವರ ಪದ್ಧತಿ. ನನ್ನ ಮಟ್ಟಿಗೆ ಇದಕ್ಕೇ ಪೂರ್ತಿ ಅಂಕ.

ಈಗ ಮನೆಯ ಹತ್ತಿರ ಸಣ್ಣ ಶೆಡ್ ಇದೆ. ಸಂಬಳದ ಹಾಗೆ ತಿಂಗಳಿಗೆ ಇಷ್ಟೇ ಅಂತ ಬರುವುದಿಲ್ಲ, ಬೇಸಿಗೆಯಲ್ಲಿ ದುಡಿದದ್ದನ್ನು ಮಳೆಗಾಲಕ್ಕೆ ಉಳಿಸಬೇಕು. ಆದರೆ ಸುಟ್ಟ ಮೋಟಾರು ಕೊಟ್ಟವರಿಗೆ ಎರಡು ದಿನದಲ್ಲಿ ವಾಪಸ್ ಕೊಡುತ್ತೇನೆ, ಅಡಿಕೆ ತೋಟದವರಿಗೆ ಅದು ದೊಡ್ಡದು ಅಲ್ವಾ?

ಹೋಗುವವರು ಮೊದಲು ಫೋನ್ ಮಾಡಿ ಯಾವ ತರಬೇತಿ ಯಾವಾಗ ಎಂದು ವಿಚಾರಿಸಿಕೊಳ್ಳಿ. ಎಲ್ಲ ಕೋರ್ಸೂ ಎಲ್ಲ ತಿಂಗಳೂ ಇರುವುದಿಲ್ಲ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಫೋಟೋ ಇಟ್ಟುಕೊಳ್ಳಿ. ಮೋಟಾರ್ ಬ್ಯಾಚಿಗೆ ಸೇರುವವರು ವಾರ್ನಿಷ್ ತಾಗಿದರೂ ಬೇಜಾರಾಗದ ಎರಡು ಹಳೆ ಅಂಗಿ ತನ್ನಿ.