ಡಬಲ್ ಡೋರ್ ಫ್ರಿಜ್: ವರ್ಷಗಟ್ಟಲೆ ಬಳಸಿದ ಮೇಲೆ ಒಂದು ವಿಮರ್ಶೆ

ಮೇಲೆ ಫ್ರೀಜರ್, ಕೆಳಗೆ ಫ್ರಿಜ್ ಇರುವ 235ರಿಂದ 260 ಲೀಟರಿನ ಫ್ರಾಸ್ಟ್ ಫ್ರೀ (ಹಿಮವನ್ನು ತಾನೇ ಕರಗಿಸಿಕೊಳ್ಳುವ) ಮಾದರಿಗಳನ್ನು ವರ್ಷಗಟ್ಟಲೆ ಬಳಸಿ, ಬಿಚ್ಚಿ, ತೊಳೆದು ನೋಡಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಒಂದೇ ಕಂಪನಿಯ ಒಂದೇ ಮಾಡೆಲ್ ಬಗ್ಗೆ ಅಲ್ಲ. ಈ ಗಾತ್ರದಲ್ಲಿ ಯಾರದ್ದೇ ತಗೊಂಡರೂ ಒಳಗಿನ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ, ಕೈಕೊಡುವ ಜಾಗಗಳೂ ಅವೇ. ನಾಲ್ಕೈದು ಜನರ ಮನೆಗೆ ಇದು ಇವತ್ತಿಗೂ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಫ್ರಿಜ್. ಇಬ್ಬರೇ ಇದ್ದು, ಹಾಲು, ಮೊಸರು, ಒಂದಿಷ್ಟು ತರಕಾರಿ ಇಡೋದಷ್ಟೇ ಆದರೆ 180–190 ಲೀಟರಿನ ಸಿಂಗಲ್ ಡೋರ್ ಸಾಕು. ಅದರಲ್ಲಿ ಫ್ಯಾನ್ ಇಲ್ಲ, ರಿಪೇರಿಯೂ ಕಡಿಮೆ.

ಮೊದಲು ತಿಳಿಯಬೇಕಾದದ್ದು, ಡಬಲ್ ಡೋರ್‌ನಲ್ಲಿ ತಂಪು ಹುಟ್ಟುವುದು ಒಂದೇ ಕಡೆ: ಫ್ರೀಜರಿನ ಹಿಂಬದಿ ಪ್ಯಾನೆಲ್ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ. ಕೆಳಗಿನ ಭಾಗಕ್ಕೆ ಅದರದ್ದೇ ಆದ ಕಾಯಿಲ್ ಇಲ್ಲ. ಒಂದು ಸಣ್ಣ ಫ್ಯಾನ್ ಆ ಗಾಳಿಯನ್ನು ಫ್ರೀಜರಿಗೂ, ಒಂದು ಡಕ್ಟ್ ಅಂದರೆ ಗಾಳಿ ಕೊಳವೆ ಮೂಲಕ ಕೆಳಕ್ಕೂ ತಳ್ಳುತ್ತದೆ. ಕಾಯಿಲ್ ಮೇಲೆ ಕಟ್ಟುವ ಹಿಮವನ್ನು ಕಂಪ್ರೆಸರ್ 8–12 ಗಂಟೆ ಓಡಿದ ಮೇಲೊಮ್ಮೆ ಹೀಟರ್ ಕರಗಿಸುತ್ತದೆ. ಆ ನೀರು ತೂತಿನಿಂದ ಇಳಿದು, ಹಿಂದೆ ಕಂಪ್ರೆಸರ್ ಹತ್ತಿರದ ಟ್ರೇಗೆ ಬಿದ್ದು, ಅಲ್ಲಿನ ಬಿಸಿಗೆ ಆವಿಯಾಗುತ್ತದೆ. ಫ್ಯಾನ್, ಡಕ್ಟ್, ಹೀಟರ್, ತೂತು: ಮುಂದೆ ಬರುವ ದೂರುಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲೇ ಇರುತ್ತವೆ.

ಕೊಳ್ಳುವಾಗ ಲೀಟರ್ ಲೆಕ್ಕ ನೋಡಿ ಮರುಳಾಗಬೇಡಿ. ದೊಡ್ಡಕ್ಷರದಲ್ಲಿ ಬರೆದ ಸಂಖ್ಯೆ ಒಟ್ಟು ಗಾತ್ರವೋ, ನಿಜವಾಗಿ ಸಾಮಾನು ಹಿಡಿಯುವ ಜಾಗವೋ ಕೇಳಿ. ಅದಕ್ಕಿಂತ ಮುಖ್ಯ, ಮನೆಯ ದೋಸೆ ಹಿಟ್ಟಿನ ಪಾತ್ರೆ ಮುಚ್ಚಳ ಸಮೇತ ಎಷ್ಟು ಎತ್ತರ ಬರುತ್ತದೆ ಅಂತ ಅಳತೆ ಮಾಡಿಕೊಂಡು ಹೋಗಿ ಗ್ಲಾಸ್ ಶೆಲ್ಫ್‌ಗಳ ನಡುವಿನ ಅಂತರಕ್ಕೆ ಹೋಲಿಸುವುದು. ಹಿಟ್ಟು ಉಕ್ಕಲು ಮೇಲೆ ಇನ್ನೂ 3–4 ಸೆಂಟಿಮೀಟರ್ ಬೇಕು. ಶೆಲ್ಫ್ ಮೇಲೆ ಕೆಳಗೆ ಬದಲಿಸಲು ಬರುತ್ತದೆಯೇ ಅಂತ ಅಂಗಡಿಯಲ್ಲೇ ಎತ್ತಿ ನೋಡಿ. ಕೆಳಗೆ ಈರುಳ್ಳಿ, ಆಲೂಗಡ್ಡೆಗೆ ಅಂತ ಕೊಡುವ ಡ್ರಾಯರ್‌ಗೆ ತಂಪು ಬರುವುದಿಲ್ಲ, ಅದು ಬರೀ ಪೆಟ್ಟಿಗೆ.

ಸ್ಟಾರ್ ಲೇಬಲ್‌ನಲ್ಲಿ ಸ್ಟಾರ್ ಎಣಿಸುವುದಕ್ಕಿಂತ 'ವರ್ಷಕ್ಕೆ ಇಷ್ಟು ಯೂನಿಟ್' ಎಂಬ ಅಂಕಿ ಓದಿ. ಈ ಲೇಬಲ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇ 2023ರ ಜನವರಿಯಲ್ಲಿ ಫ್ರಿಜ್‌ಗಳ ಮಾನದಂಡ ಬಿಗಿ ಮಾಡಿತು. ಹಾಗಾಗಿ ಬೇರೆ ಬೇರೆ ಅವಧಿಯ ಲೇಬಲ್‌ಗಳ ಸ್ಟಾರ್ ಒಂದಕ್ಕೊಂದು ಹೋಲುವುದಿಲ್ಲ. ಎರಡು ಮಾಡೆಲ್‌ಗಳ ನಡುವೆ ವರ್ಷಕ್ಕೆ 50 ಯೂನಿಟ್ ವ್ಯತ್ಯಾಸವಿದ್ದರೆ, ಯೂನಿಟ್‌ಗೆ 6 ರೂಪಾಯಿ ಹಿಡಿದರೂ ಉಳಿಯೋದು 300 ರೂಪಾಯಿ. ಒಂದು ಸ್ಟಾರ್ ಹೆಚ್ಚಿಗೆ ಅಂತ 4,000 ರೂಪಾಯಿ ಜಾಸ್ತಿ ಕೇಳಿದರೆ ಈ ಲೆಕ್ಕ ಹಾಕಿ ನೋಡಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಅಂಚಿನಲ್ಲಿರುವ ಮನೆಗಳ ಲೆಕ್ಕ ಮಾತ್ರ ಬೇರೆ. ಮಿತಿ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ, ಆದ್ದರಿಂದ ಅಂಥವರಿಗೆ ತಿಂಗಳಿಗೆ ನಾಲ್ಕು ಯೂನಿಟ್ ಉಳಿದರೂ ಲಾಭವೇ.

ಇನ್ವರ್ಟರ್ ಕಂಪ್ರೆಸರ್, ಅಂದರೆ ಬೇಕಾದಷ್ಟಕ್ಕೆ ವೇಗ ಹೆಚ್ಚುಕಡಿಮೆ ಮಾಡಿಕೊಳ್ಳುವ ಕಂಪ್ರೆಸರ್ ತಗೊಳ್ಳಿ ಅಂತಲೇ ನಮ್ಮ ಸಲಹೆ. ಸದ್ದು ಕಡಿಮೆ, ಶುರುವಾಗುವಾಗ ಲೈಟ್ ಮಂಕಾಗುವುದಿಲ್ಲ, ಯುಪಿಎಸ್ ಮೇಲೆ ಹೊರೆಯೂ ಕಡಿಮೆ. ಆದರೆ '10 ವರ್ಷ ವಾರಂಟಿ' ಎಂಬ ಸ್ಟಿಕರ್ ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ. ಅದನ್ನು ಓಡಿಸುವ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್), ಗ್ಯಾಸ್, ಕೂಲಿ ಎಲ್ಲ ಬಹುಪಾಲು ಮೊದಲ ವರ್ಷಕ್ಕೇ ಮುಗಿಯುತ್ತವೆ. ಸಿಡಿಲು ಅಥವಾ ವೋಲ್ಟೇಜ್ ಏರಿಳಿತಕ್ಕೆ ಮೊದಲು ಬಲಿಯಾಗುವುದು ಪಿಸಿಬಿಯೇ. 'ಸ್ಟೆಬಿಲೈಜರ್ ಬೇಡ' ಅನ್ನುವ ಮಾತು ಮ್ಯಾನ್ಯುಯಲ್‌ನಲ್ಲಿ ಕೊಟ್ಟ ವೋಲ್ಟೇಜ್ ಮಿತಿಯೊಳಗೆ ಮಾತ್ರ ನಿಜ. ಸಂಜೆ ಪಂಪ್‌ಸೆಟ್ ಓಡುವ ಹೊತ್ತಿಗೆ ಬಲ್ಬ್ ಮಂಕಾಗುವ ಊರುಗಳಲ್ಲಿ ಸ್ಟೆಬಿಲೈಜರ್ ಹಾಕಲೇಬೇಕು. ಮಲೆನಾಡು, ಕರಾವಳಿಯಲ್ಲಿ ಗುಡುಗು ಶುರುವಾದರೆ ಪ್ಲಗ್ ತೆಗೆದಿಡುವುದೇ ಕ್ಷೇಮ. ಬಾಗಿಲು ತೆಗೆಯದಿದ್ದರೆ ಒಳಗಿನ ತಂಪು ಮೂರ್ನಾಲ್ಕು ಗಂಟೆ ನಿಲ್ಲುತ್ತದೆ.

ಫ್ರೀಜರನ್ನು ಫ್ರಿಜ್ ಆಗಿ ಬದಲಿಸುವ ಕನ್ವರ್ಟಿಬಲ್ ಸೌಲಭ್ಯ ಹಬ್ಬ, ಮದುವೆ ಸಮಯದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಐಸ್ ಟ್ರೇ, ತೆಂಗಿನತುರಿ, ಬಟಾಣಿ ಬಿಟ್ಟರೆ ಫ್ರೀಜರ್ ಖಾಲಿಯೇ ಇರುವುದರಿಂದ ಅವರಿಗೆ ಇನ್ನೂ ಒಳ್ಳೆಯದು.

ಇಡುವ ಜಾಗ: ಹಿಂದೆ 10 ಸೆಂಟಿಮೀಟರ್, ಎರಡು ಪಕ್ಕ 5 ಸೆಂಟಿಮೀಟರಾದರೂ ಬಿಡಿ. ಈಗಿನ ಫ್ರಿಜ್‌ಗಳಲ್ಲಿ ಬಿಸಿ ಹೊರಬಿಡುವ ಪೈಪು ಪಕ್ಕದ ತಗಡಿನ ಒಳಗಿರುತ್ತದೆ, ಬೇಸಿಗೆಯಲ್ಲಿ ಪಕ್ಕ ಮುಟ್ಟಿದರೆ ಬಿಸಿ ಇರುವುದು ಸಹಜ. ಮುಂದಿನ ಕಾಲುಗಳನ್ನು ತಿರುಗಿಸಿ ಕೂದಲೆಳೆಯಷ್ಟು ಎತ್ತರಿಸಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಸಾಗಿಸುವಾಗ ಮಲಗಿಸಿ ತಂದಿದ್ದರೆ ನಿಲ್ಲಿಸಿದ ಕೂಡಲೇ ಸ್ವಿಚ್ ಹಾಕದೆ ಒಂದು ದಿನ ಬಿಡಿ, ಕಂಪ್ರೆಸರ್ ಎಣ್ಣೆ ವಾಪಸ್ ಇಳಿಯಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಅರ್ತಿಂಗ್ ಇರುವ ಗೋಡೆಯ ಸಾಕೆಟ್ಟೇ ಬೇಕು.

ನಾಬ್ ಇರುವ ಮಾದರಿಗಳಲ್ಲಿ ಒಂದು ವಿಚಾರ ತುಂಬಾ ಜನಕ್ಕೆ ಗೊತ್ತಿಲ್ಲ. ಎರಡು ನಾಬ್‌ಗಳಲ್ಲಿ ಒಂದು ಮಾತ್ರ ಕಂಪ್ರೆಸರನ್ನು ಹಿಡಿತದಲ್ಲಿಡುತ್ತದೆ. ಇನ್ನೊಂದು ಕೆಳಕ್ಕೆ ಹೋಗುವ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಕದ ಅಷ್ಟೇ. ಯಾವುದು ಯಾವುದೆಂದು ಮ್ಯಾನ್ಯುಯಲ್‌ನಲ್ಲಿದೆ. ಬೇಸಿಗೆ ಬಂತೆಂದು ಫ್ರೀಜರ್ ನಾಬ್ ಪೂರ್ತಿ ತಿರುಗಿಸಿದರೆ ಹಲವು ಮಾಡೆಲ್‌ಗಳಲ್ಲಿ ಕೆಳಗಿನ ಗಾಳಿ ಕಡಿಮೆಯಾಗಿ, ಮೇಲೆ ಐಸ್ ಕಲ್ಲಿನಂತಿದ್ದರೂ ಕೆಳಗೆ ಹಾಲು ಒಡೆಯುತ್ತದೆ. ಸರಿಯಾಗಿ ಅಳೆಯಲು ನಡುವಿನ ಶೆಲ್ಫ್‌ನಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ, 12 ಗಂಟೆ ಬಿಟ್ಟು ನೋಡಿ. 3ರಿಂದ 5 ಡಿಗ್ರಿ ಇದ್ದರೆ ಸರಿ. ಫ್ರೀಜರ್ ಮೈನಸ್ 18ರ ಆಸುಪಾಸು ಇರಬೇಕು.

ಗಾಳಿ ಓಡಾಡುವ ಫ್ರಿಜ್ ಆದ್ದರಿಂದ ಮುಚ್ಚದೆ ಇಟ್ಟದ್ದೆಲ್ಲ ಒಣಗುತ್ತದೆ. ಚಪಾತಿ ಹಿಟ್ಟು, ಅನ್ನ, ಹೆಚ್ಚಿದ ತರಕಾರಿಗೆ ಮುಚ್ಚಳ ಬೇಕೇ ಬೇಕು. ಕೊತ್ತಂಬರಿ, ಸಬ್ಬಸಿಗೆಯ ಬೇರು ಕತ್ತರಿಸಿ, ನೀರು ಪೂರ್ತಿ ಆರಿಸಿ, ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ತರಕಾರಿ ಬಾಕ್ಸಿಗೆ ಹಾಕಿದರೆ ವಾರ ನಿಲ್ಲುತ್ತದೆ. ಹಿಂದಿನ ಗೋಡೆಯ ಗಾಳಿ ಕಿಂಡಿಗೆ ಪಾತ್ರೆ ಒತ್ತಿ ಇಡಬೇಡಿ. ಕಿಂಡಿ ಎದುರಿಗಿಟ್ಟ ಮೊಸರು ಹೆಪ್ಪುಗಟ್ಟುತ್ತದೆ, ಅದರಾಚೆಗಿನ ಶೆಲ್ಫ್‌ಗೆ ತಂಪೇ ತಲುಪುವುದಿಲ್ಲ.

ಬಾಗಿಲ ರಬ್ಬರ್ ಅಂದರೆ ಗ್ಯಾಸ್ಕೆಟ್ ಅನ್ನು ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ಬೆಚ್ಚನೆ ನೀರಿನಿಂದ ಒರೆಸಿ, ಒಣಗಿಸಿ. ಮಡಿಕೆಯೊಳಗೆ ದೋಸೆ ಹಿಟ್ಟಿನ ಅಂಟು ಕೂತರೆ ಕಪ್ಪು ಬೂಷ್ಟು ಹಿಡಿಯುತ್ತದೆ, ಹಳೆ ಟೂತ್‌ಬ್ರಷ್‌ನಿಂದ ತೆಗೆಯಬಹುದು. ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ಸುತ್ತ ಎಲ್ಲೂ ಸಡಿಲವಾಗಿ ಬರಬಾರದು. ಬಂದರೆ ಅಲ್ಲಿಂದ ಹೊರಗಿನ ತೇವದ ಗಾಳಿ ನುಗ್ಗಿ ಕಾಯಿಲ್ ಮೇಲೆ ಐಸ್ ಹೆಚ್ಚುತ್ತದೆ. ರಬ್ಬರ್ ಸೊಟ್ಟಗಾಗಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿ ನೇರ ಮಾಡಬಹುದು, ಹರಿದಿದ್ದರೆ ಬದಲಿಸುವುದೇ ದಾರಿ. ಹಿಂದಿನ ಟ್ರೇ ವಾರಕ್ಕೊಮ್ಮೆ ನೋಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವ ಜಾಗಗಳಲ್ಲಿ ಫ್ರಿಜ್ ಟ್ರೇಯೂ ಒಂದು. ಮಳೆಗಾಲದಲ್ಲಿ ನೀರು ಬೇಗ ಆರುವುದಿಲ್ಲ.

ತರಕಾರಿ ಬಾಕ್ಸ್ ಕೆಳಗೆ ನೀರು ನಿಂತರೆ ಹಿಮ ಕರಗಿದ ನೀರು ಇಳಿಯುವ ತೂತು ಕಟ್ಟಿದೆ ಅಂತ ಅರ್ಥ. ಪ್ಲಗ್ ತೆಗೆದು, ಫ್ರೀಜರ್ ಖಾಲಿ ಮಾಡಿ, ಹಿಂದಿನ ಪ್ಯಾನೆಲ್ ಸ್ಕ್ರೂ ಬಿಚ್ಚಿ, ಕ್ಲಿಪ್ ಮುರಿಯದಂತೆ ನಿಧಾನಕ್ಕೆ ಎಳೆಯಿರಿ. ಫ್ಯಾನಿನ ವೈರ್ ಪ್ಯಾನೆಲ್‌ಗೇ ಅಂಟಿಕೊಂಡಿರಬಹುದು, ಜೋಪಾನ. ಕಾಯಿಲ್ ಕೆಳಗಿನ ತೊಟ್ಟಿಯಲ್ಲಿ ತೂತು ಕಾಣುತ್ತದೆ. 50 ಮಿಲಿಲೀಟರ್ ಸಿರಿಂಜ್‌ನಲ್ಲಿ ಬೆಚ್ಚನೆ ನೀರು ಬಿಡುತ್ತಾ ಹೋಗಿ. ಕುದಿಯುವ ನೀರು ಹಾಕಿದರೆ ಒಳಗಿನ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಹಾಕಿದ ನೀರು ಹಿಂದಿನ ಟ್ರೇಗೆ ಬಂದರೆ ಕೆಲಸ ಆಯಿತು. ಐಸ್ ಕೀಳಲು ಚಾಕು, ಸ್ಕ್ರೂಡ್ರೈವರ್ ಬಳಸಬೇಡಿ, ಅಲ್ಯೂಮಿನಿಯಂ ಪೈಪ್ ತೂತಾದರೆ ಗ್ಯಾಸ್ ಪೂರ್ತಿ ಹೋಗುತ್ತದೆ.

ಈಗ ದೊಡ್ಡ ದೂರಿಗೆ ಬರೋಣ: 'ಫ್ರೀಜರ್ ಚೆನ್ನಾಗಿದೆ, ಕೆಳಗೆ ಕೂಲಿಂಗ್ ಇಲ್ಲ'. ಮೆಕ್ಯಾನಿಕ್ ಬಂದು 'ಗ್ಯಾಸ್ ಹೋಗಿದೆ' ಅಂದರೆ ಕೂಡಲೇ ಒಪ್ಪಬೇಡಿ. ಪ್ಯಾನೆಲ್ ಬಿಚ್ಚಿ ಕಾಯಿಲ್ ತೋರಿಸಲು ಹೇಳಿ. ಇಡೀ ಕಾಯಿಲ್ ದಪ್ಪ ಐಸ್‌ನಲ್ಲಿ ಹೂತಿದ್ದರೆ ಗ್ಯಾಸ್ ಇದೆ, ಡಿಫ್ರಾಸ್ಟ್ ಅಂದರೆ ಹಿಮ ಕರಗಿಸುವ ಕೆಲಸ ಆಗುತ್ತಿಲ್ಲ. ಮೊದಲ ಒಂದೆರಡು ಸುತ್ತಿಗೆ ಮಾತ್ರ ಹಿಮ ಹಿಡಿದು ಉಳಿದದ್ದು ಒಣಗಿದ್ದರೆ, ಫ್ರಿಜ್ ಪಕ್ಕವೂ ಬಿಸಿಯಾಗದಿದ್ದರೆ, ಆಗ ಗ್ಯಾಸ್ ಲೀಕ್ ಅಥವಾ ಚೋಕ್ (ಪೈಪ್ ಕಟ್ಟಿರುವುದು) ಅನ್ನಬಹುದು. ಕಾಯಿಲ್ ಮೇಲೆ ತೆಳುವಾದ ಹಿಮ ಒಂದೇ ಸಮ ಇದ್ದೂ ಕೆಳಗೆ ತಂಪಿಲ್ಲದಿದ್ದರೆ ಫ್ಯಾನ್ ನೋಡಿ. ಬಾಗಿಲು ತೆರೆದಾಗ ಫ್ಯಾನ್ ನಿಲ್ಲುವ ಮಾಡೆಲ್ ಆದರೆ ಬಾಗಿಲ ಸ್ವಿಚ್ ಒತ್ತಿ ಹಿಡಿದು ಸದ್ದು ಕೇಳಿ.

ಐಸ್ ಕಟ್ಟಿದ್ದರೆ ಮೊದಲು ಪ್ಲಗ್ ತೆಗೆದು ಎರಡೂ ಬಾಗಿಲು ತೆರೆದು 24 ಗಂಟೆ ಬಿಡಿ. ಆಮೇಲೆ ಸರಿಯಾಗಿ ಓಡಿ ಮತ್ತೆ ಹಾಗಾಗದಿದ್ದರೆ ಬಾಗಿಲು ಸಂದಿಬಿಟ್ಟದ್ದೇ ಕಾರಣವಿರಬಹುದು. ವಾರ ಹತ್ತು ದಿನದಲ್ಲಿ ಮತ್ತೆ ಅದೇ ಆದರೆ ಹೀಟರ್, ಬೈಮೆಟಲ್ (ಬಿಸಿಯಾದಾಗ ಹೀಟರ್ ಆರಿಸುವ ಸ್ವಿಚ್), ಥರ್ಮಲ್ ಫ್ಯೂಸ್ (ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಫ್ಯೂಸ್), ಟೈಮರ್ (ಹೊತ್ತುಹೊತ್ತಿಗೆ ಹೀಟರ್ ಹಾಕುವುದು) ಒಂದೊಂದಾಗಿ ಮಲ್ಟಿಮೀಟರ್‌ನಲ್ಲಿ ನೋಡಬೇಕು, ಪ್ಲಗ್ ತೆಗೆದೇ. 150 ವಾಟ್ ಹೀಟರ್ ಸುಮಾರು 350 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಸುಟ್ಟಿದೆ. ಫ್ಯೂಸ್ ಯಾವಾಗಲೂ ಕನೆಕ್ಷನ್ ತೋರಿಸಬೇಕು. ಬೈಮೆಟಲ್ ಹಾಗಲ್ಲ: ತಣ್ಣಗಿದ್ದಾಗ ಮಾತ್ರ ಕನೆಕ್ಟ್ ಆಗುತ್ತದೆ, ರೂಮಿನ ಬಿಸಿಗೆ ಓಪನ್ ತೋರಿಸುವುದೇ ಸರಿ. ಟೇಬಲ್ ಮೇಲಿಟ್ಟು ಪರೀಕ್ಷಿಸಿ 'ಹೋಗಿದೆ' ಅಂತ ಒಳ್ಳೆಯ ಬೈಮೆಟಲ್ ಎಸೆಯುವುದು ಸಾಮಾನ್ಯ. ಓಡುತ್ತಿರುವ ಫ್ರೀಜರಿನಲ್ಲಿಟ್ಟು, ಪೂರ್ತಿ ತಣ್ಣಗಾದ ಮೇಲೆ ನೋಡಿ; ಕರಗುವ ಐಸ್‌ನ ತಂಪು ಹಲವು ಬೈಮೆಟಲ್‌ಗಳಿಗೆ ಸಾಲದು. ಹಳೆ ಮಾದರಿಯಾದರೆ, ಕಾಯಿಲ್ ಚೆನ್ನಾಗಿ ತಣ್ಣಗಿರುವಾಗ ಟೈಮರ್‌ನ ತಿರುಪನ್ನು ಸ್ಕ್ರೂಡ್ರೈವರ್‌ನಿಂದ ಕ್ಲಿಕ್ ಅನ್ನುವವರೆಗೆ ತಿರುಗಿಸಿ ಪ್ಲಗ್ ಹಾಕಿದರೆ ಹೀಟರ್ ಹತ್ತಬೇಕು. ಹೀಟರ್ ಹತ್ತಿ, ಟೈಮರ್ ತಾನಾಗಿ ಮುಂದೆ ಹೋಗದಿದ್ದರೆ ಅದನ್ನೇ ಬದಲಿಸಿ.

ನಿಜವಾಗಿಯೂ ಗ್ಯಾಸ್ ತುಂಬಬೇಕಾಗಿ ಬಂದರೆ, ಈಗ ಬರುವ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಇರುವುದು ಆರ್600ಎ ಅಂದರೆ ಐಸೊಬ್ಯುಟೇನ್, ಬೆಂಕಿ ಹತ್ತುವ ಗ್ಯಾಸ್. ತುಂಬುವುದು ಸಾಮಾನ್ಯವಾಗಿ ನೂರು ಗ್ರಾಂಗಿಂತಲೂ ಕಡಿಮೆ. ಎಷ್ಟೆಂದು ಫ್ರಿಜ್‌ನ ರೇಟಿಂಗ್ ಪ್ಲೇಟಿನಲ್ಲಿ ಬರೆದಿರುತ್ತದೆ. ಪ್ರಮಾಣ ಇಷ್ಟು ಕಡಿಮೆ ಇರುವುದರಿಂದ ಹತ್ತು ಗ್ರಾಂ ಹೆಚ್ಚುಕಡಿಮೆಯೂ ಕೂಲಿಂಗ್ ಕೆಡಿಸುತ್ತದೆ, ಡಿಜಿಟಲ್ ತಕ್ಕಡಿ ಇಲ್ಲದೆ ಅಂದಾಜಿನಲ್ಲಿ ತುಂಬುವವರಿಗೆ ಕೊಡಬೇಡಿ. ಲೀಕ್ ಹುಡುಕಿ ಮುಚ್ಚಿದ್ದಾರೆಯೇ, ಪೈಪಿನೊಳಗಿನ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಹೊಸದು ಹಾಕಿದ್ದಾರೆಯೇ, ಪಂಪ್ ಹಚ್ಚಿ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಮಾಡಿದ್ದಾರೆಯೇ (ಪೈಪಿನೊಳಗಿನ ಗಾಳಿ ಎಳೆದು ತೆಗೆದಿದ್ದಾರೆಯೇ) ಎಂದು ಎದುರಿಗೇ ನಿಂತು ನೋಡಿ. ಬೆಸುಗೆ ಹಾಕುವಾಗ ಪೈಪಿನಲ್ಲಿ ಹಳೆ ಗ್ಯಾಸ್ ಉಳಿದಿರಬಾರದು. ಕಿಟಕಿ, ಬಾಗಿಲು ತೆರೆದಿರಲಿ, ಅಡುಗೆ ಒಲೆ ಆರಿಸಿ. ಬಿಲ್ಲಿನಲ್ಲಿ ಲೀಕ್ ಎಲ್ಲಿತ್ತು, ಎಷ್ಟು ಗ್ರಾಂ ತುಂಬಿದರು ಅಂತ ಬರೆಸಿಕೊಳ್ಳಿ. ಮುಂದೆ ಅದೇ ತೊಂದರೆ ಬಂದಾಗ ಬೇರೆ ಮೆಕ್ಯಾನಿಕ್‌ಗೂ ಅದರಿಂದ ಕೆಲಸ ಸುಲಭವಾಗುತ್ತದೆ.