ಗಾರ್ಸ್ ಬೇಲಿ ಇರುವ ಮನೆ ತಗೊಳ್ಳುವ ಮುಂಚೆ ಇದನ್ನು ಓದಿ

ನ್ಯೂಜಿಲೆಂಡಿನಲ್ಲಿ ಮನೆ ನೋಡುತ್ತಿರುವ ಕನ್ನಡದವರಿಗೆ, ಅದರಲ್ಲೂ ಊರಾಚೆ ಸ್ವಲ್ಪ ಜಾಗ ಇರುವ ಮನೆ ಹುಡುಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಬೇಲಿ ತುಂಬ ಹಳದಿ ಹೂ, ಎಲೆಯೇ ಕಾಣದಷ್ಟು ಮುಳ್ಳು, ಬಿಸಿಲೇರಿದ ಹಾಗೆ ಕೊಬ್ಬರಿಯ ಪರಿಮಳ. ಇಂಥ ಗಿಡ ಕಂಡರೆ ಅದು ಗಾರ್ಸ್. ಚೆಂದ ಇದೆ ಅಂತ ಉಳಿಸಿಕೊಳ್ಳಬೇಡಿ. ಹೊಸದಾಗಿ ನೆಡುವುದಂತೂ ಬೇಡವೇ ಬೇಡ.

ನಾವು ಡುನೆಡಿನ್ ಹೊರಗೆ, ಗುಡ್ಡದ ಇಳಿಜಾರಿನಲ್ಲಿರುವ ಮನೆ ತಗೊಂಡಾಗ ಹಿತ್ತಲಿನ ಒಂದು ಬದಿಗೆ ಉದ್ದಕ್ಕೂ ಗಾರ್ಸ್ ಬೇಲಿ ಇತ್ತು. ಹಿಂದಿನವರು ಒಪ್ಪವಾಗಿ ಕತ್ತರಿಸಿ ಇಟ್ಟಿದ್ದರು. ಮನೆ ತೋರಿಸಿದ ಏಜೆಂಟ್ ಅದನ್ನೇ ದೊಡ್ಡ ಗುಣ ಅಂತ ಹೇಳಿದರು: ಕುರಿ ನುಗ್ಗಲ್ಲ, ನಾಯಿ ನುಗ್ಗಲ್ಲ, ಗಾಳಿಗೂ ತಡೆ. ಅದೆಲ್ಲ ನಿಜವೇ. ಯುರೋಪಿನಿಂದ ಇಲ್ಲಿಗೆ ಬಂದವರು ಈ ಗಿಡವನ್ನು ತಂದಿದ್ದೇ ಬೇಲಿಗಾಗಿ. 1835ರಲ್ಲಿ ಡಾರ್ವಿನ್ ಉತ್ತರದ ವೈಮಾಟೆಯಲ್ಲಿದ್ದ ಕ್ರೈಸ್ತ ಮಿಷನರಿಗಳ ನೆಲೆಗೆ ಹೋಗಿದ್ದಾಗಲೇ ಅಲ್ಲಿ ಬೇಲಿಗೆ ಗಾರ್ಸ್ ಬೆಳೆಸಿದ್ದನ್ನು ಕಂಡು ಬರೆದಿಟ್ಟಿದ್ದಾರೆ. ಆ ಬೇಲಿಗಳು ಬೇಲಿಗಳಾಗಿ ಉಳಿಯಲಿಲ್ಲ, ಗುಡ್ಡ ಗುಡ್ಡಗಳನ್ನೇ ಹತ್ತಿಬಿಟ್ಟವು. ವೆಲ್ಲಿಂಗ್ಟನ್ ಸುತ್ತಲಿನ ಬೆಟ್ಟಗಳು ವಸಂತದಲ್ಲಿ ಹಳದಿಯಾಗಿ ಕಾಣುತ್ತವಲ್ಲ, ಪ್ರವಾಸಿಗರು ಫೋಟೋ ತೆಗೆಯುತ್ತಾರಲ್ಲ, ಅದು ಬಹುಪಾಲು ಇದೇ.

ಇನ್ನು ನಮ್ಮ ಕಥೆ. ಕತ್ತರಿಸುವುದೇ ಮೊದಲ ಕಷ್ಟ. ಗಾರ್ಸ್ ಮುಳ್ಳು ದಪ್ಪ ಚರ್ಮದ ಕೈಗವಸನ್ನೂ ದಾಟುತ್ತದೆ, ತುದಿ ಮುರಿದು ಬೆರಳೊಳಗೇ ಉಳಿಯುತ್ತದೆ, ಎರಡು ದಿನಕ್ಕೆ ಕೀವು. ಕತ್ತರಿಸಿದ ಚೂರು ಹುಲ್ಲಿನ ಮೇಲೆ ಬಿದ್ದರೆ ಮುಗೀತು, ಒಣಗಿದ ಮೇಲೂ ಚುಚ್ಚುತ್ತಲೇ ಇರುತ್ತದೆ, ಮಕ್ಕಳು ಆ ಕಡೆ ಬರಿಗಾಲಲ್ಲಿ ಓಡಾಡುವ ಹಾಗೇ ಇಲ್ಲ. ಬೇಲಿ ಹೊರಗೆ ಹಸಿರು, ಒಳಗೆ ಕೈ ಹಾಕಿ ನೋಡಿದರೆ ಪೂರ್ತಿ ಒಣ ಕಡ್ಡಿ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಬೇಸಿಗೆ ಬಂದಾಗ ಇನ್ನೊಂದು ಗೊತ್ತಾಯಿತು. ಬಿಸಿಲು ಚುರುಕಾದ ಮಧ್ಯಾಹ್ನ ಬೇಲಿ ಹತ್ತಿರ ನಿಂತರೆ ಚಟ್ ಚಟ್ ಅಂತ ಸದ್ದು. ಒಣಗಿದ ಕಾಯಿ ಸಿಡಿದು ಬೀಜ ಮೀಟರ್‌ಗಟ್ಟಲೆ ದೂರ ಹಾರುತ್ತದೆ. ಇದು ಅವರೆ, ಬಟಾಣಿಯ ಕುಟುಂಬದ ಗಿಡ, ಬೀಜದ ಸಿಪ್ಪೆ ಬಲು ಗಟ್ಟಿ. ಮಣ್ಣಿಗೆ ಬಿದ್ದ ಬೀಜ ಮೊಳೆಯದೆ ಹತ್ತಾರು ವರ್ಷ ಹಾಗೇ ಕಾಯುತ್ತದೆ. ಅಂದರೆ ನೀವು ಕಣ್ಣಲ್ಲಿ ನೋಡುತ್ತಿರುವ ಬೇಲಿ ಸಣ್ಣ ಭಾಗ ಅಷ್ಟೇ, ಅಸಲಿ ತೊಂದರೆ ಮಣ್ಣಿನೊಳಗಿದೆ. ಬೀಜ ತಿನ್ನುವ ಒಂದು ಸೊಂಡಿಲು ಹುಳವನ್ನು 1931ರಲ್ಲೇ ಈ ದೇಶಕ್ಕೆ ತಂದು ಬಿಟ್ಟಿದ್ದಾರೆ, ಆದರೆ ಅದು ವಸಂತದ ಕಾಯಿಗಳನ್ನು ಮಾತ್ರ ತಿನ್ನುತ್ತದೆ. ಇಲ್ಲಿ ಬಹಳ ಕಡೆ ಗಾರ್ಸ್ ಶರತ್ಕಾಲದಲ್ಲೂ ಹೂ ಬಿಡುತ್ತದೆ, ಆ ಕಾಯಿಗಳು ತಪ್ಪಿಸಿಕೊಳ್ಳುತ್ತವೆ.

ಅಷ್ಟರಲ್ಲಿ ಪಕ್ಕದ ಜಮೀನಿನವರು ಬಂದು ತಮ್ಮ ಹುಲ್ಲುಗಾವಲಿನಲ್ಲಿ ಗಾರ್ಸ್ ಎದ್ದಿರುವುದನ್ನು ತೋರಿಸಿದರು. ಬಹಳ ಮರ್ಯಾದೆಯಿಂದಲೇ ಮಾತಾಡಿದರು, ಆದರೆ ವಿಷಯ ಸ್ಪಷ್ಟ ಇತ್ತು. ಇಲ್ಲಿ ಅನೇಕ ಪ್ರಾಂತ್ಯಗಳಲ್ಲಿ ಗಡಿಯಿಂದ ಇಷ್ಟು ಮೀಟರ್ ಒಳಗೆ ಗಾರ್ಸ್ ಇರಬಾರದು ಅಂತ ನಿಯಮ ಇದೆ, ಪಕ್ಕದವರು ದೂರು ಕೊಟ್ಟರೆ ತೆಗೆಸುವ ಜವಾಬ್ದಾರಿ ಜಾಗದ ಮಾಲೀಕರದ್ದು. ಯಾರು ನೆಟ್ಟರು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಏಜೆಂಟ್ ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

ತೆಗೆಯುವ ಕೆಲಸಕ್ಕೆ ಒಬ್ಬ ಗುತ್ತಿಗೆದಾರರನ್ನು ಕರೆಸಿದೆವು. ಇಲ್ಲೇ ನಮಗೆ ದೊಡ್ಡ ಪೆಟ್ಟು ಬಿದ್ದಿದ್ದು. ಅವರು ಯಂತ್ರ ತಂದು ನೆಲದ ಮಟ್ಟಕ್ಕೆ ಕಡಿದು, ದುಡ್ಡು ಎಣಿಸಿಕೊಂಡು ಹೋದರು. ಬುಡಕ್ಕೆ ಕಳೆ ಕೊಲ್ಲುವ ಔಷಧಿ ಸವರಲಿಲ್ಲ. ಒಪ್ಪಂದದಲ್ಲಿ ಅದೂ ಇತ್ತು, ಕೇಳಿದರೆ ಬೇಕಾಗಿಲ್ಲ ಅಂದುಬಿಟ್ಟರು. ಕೆಲವೇ ತಿಂಗಳಲ್ಲಿ ಒಂದೊಂದು ಬುಡದಿಂದಲೂ ಗೊಂಚಲು ಗೊಂಚಲು ಚಿಗುರು. ಸಾಲದ್ದಕ್ಕೆ ಯಂತ್ರದ ಚಕ್ರಕ್ಕೆ ಮೆತ್ತಿದ ಮಣ್ಣು ಹಿತ್ತಲೆಲ್ಲ ಹರಡಿತ್ತು. ಮುಂದಿನ ವಸಂತಕ್ಕೆ, ಅಲ್ಲಿಯವರೆಗೆ ಒಂದೂ ಗಾರ್ಸ್ ಇಲ್ಲದ ತರಕಾರಿ ಪಾತಿಯಲ್ಲೂ ಸಸಿ ಎದ್ದವು. ಎಳೆಯದರಲ್ಲಿ ಅದಕ್ಕೆ ಮುಳ್ಳು ಇರುವುದಿಲ್ಲ, ಮೆಂತ್ಯದ ಸಸಿಯ ಹಾಗೆ ಮೂರು ಎಲೆ, ಮೆತ್ತಗೆ. ಆಗ ಒದ್ದೆ ಮಣ್ಣಿನಲ್ಲಿ ಎರಡು ಬೆರಳಲ್ಲಿ ಕಿತ್ತರೆ ಬೇರು ಸಮೇತ ಬರುತ್ತದೆ. ಒಂದು ವರ್ಷ ಬಿಟ್ಟರೆ ಗುದ್ದಲಿಯೇ ಬೇಕು.

ಈಗ ಬೆಂಕಿಯ ವಿಷಯ. ನನಗೆ ನಿದ್ದೆ ಕೆಡಿಸಿದ್ದು ಮುಳ್ಳಲ್ಲ, ಇದು. ಗಾರ್ಸ್‌ನಲ್ಲಿ ಎಣ್ಣೆಯ ಅಂಶ ಇದೆ, ಒಳಗೆಲ್ಲ ಒಣ ಕಡ್ಡಿ, ಹಸಿ ಇದ್ದಾಗಲೂ ಧಗ್ ಅಂತ ಹತ್ತಿಕೊಳ್ಳುತ್ತದೆ. ಅಮೆರಿಕದ ಓರೆಗಾನ್ ಕರಾವಳಿಯಲ್ಲಿ ಬ್ಯಾಂಡನ್ ಅಂತ ಒಂದು ಊರು. ಐರ್ಲೆಂಡಿನಿಂದ ಬಂದ ಜಾರ್ಜ್ ಬೆನೆಟ್ ಅಲ್ಲಿಗೆ ಈ ಗಿಡ ತಂದರು. ಅದು ಊರಿನ ಸುತ್ತ ಹಬ್ಬಿತು. 1936ರ ಸೆಪ್ಟೆಂಬರ್‌ನಲ್ಲಿ ಕಾಡಿನ ಬೆಂಕಿ ಬಂದು ಗಾರ್ಸ್‌ಗೆ ಹತ್ತಿ, ಊರಿಗೆ ಊರೇ ಹೆಚ್ಚು ಕಡಿಮೆ ಸುಟ್ಟುಹೋಯಿತು, ಜನ ಸತ್ತರು. ಅಂಥ ಗಿಡ ನಮ್ಮ ಅಡುಗೆಮನೆ ಕಿಟಕಿಗೆ ಅಂಟಿಕೊಂಡು ಇತ್ತು. ದಯವಿಟ್ಟು ಮನೆಗೋಡೆ, ಶೆಡ್ಡು, ಗ್ಯಾಸ್ ಸಿಲಿಂಡರ್ ಇಡುವ ಜಾಗದ ಹತ್ತಿರ ಗಾರ್ಸ್ ಇದ್ದರೆ ಮೊದಲು ಅದನ್ನೇ ತೆಗೆಸಿ. ಸುಟ್ಟು ಹಾಕಿದರೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೆಂಕಿಯ ಕಾವಿಗೆ ಬೀಜದ ಸಿಪ್ಪೆ ಬಿರಿದು ಇನ್ನೂ ಜಾಸ್ತಿ ಮೊಳೆಯುತ್ತದೆ, ಬುಡವೂ ಚಿಗುರುತ್ತದೆ.

ಕ್ರೈಸ್ಟ್‌ಚರ್ಚ್ ಹತ್ತಿರದ ಬ್ಯಾಂಕ್ಸ್ ಪೆನಿನ್ಸುಲಾದಲ್ಲಿ ಹಿನೆವೈ ಅನ್ನುವ ಸಂರಕ್ಷಿತ ಜಾಗದಲ್ಲಿ ಸಸ್ಯತಜ್ಞ ಹ್ಯೂ ವಿಲ್ಸನ್ ಅವರು ಗಾರ್ಸ್ ಮುಟ್ಟದೆ ಬಿಟ್ಟು, ಅದರ ನೆರಳಲ್ಲೇ ಇಲ್ಲಿನ ಕಾಡು ಮತ್ತೆ ಬೆಳೆಯುವ ಹಾಗೆ ಮಾಡಿದ್ದನ್ನು ಕೆಲವರು ನನಗೆ ಹೇಳಿದರು. ಅದು ನಿಜ, ಬಹಳ ಒಳ್ಳೆಯ ಕೆಲಸ ಕೂಡ. ಮರಗಳು ಮೇಲೆದ್ದು ಬೆಳಕು ತಪ್ಪಿಸಿದರೆ ಗಾರ್ಸ್ ಸಾಯುತ್ತದೆ. ಆದರೆ ಅದು ದಶಕಗಳ ಮಾತು, ದೊಡ್ಡ ಜಾಗದ ಮಾತು. ಬೇಲಿಯಲ್ಲಿ ಆಗುವುದು ತದ್ವಿರುದ್ಧ: ನೀವು ಕತ್ತರಿಸಿದಷ್ಟೂ ಬಿಸಿಲು ಬೀಳುತ್ತದೆ, ಅದು ಎಳೆಯದಾಗೇ ಇರುತ್ತದೆ, ವಯಸ್ಸಾಗಿ ಸಾಯುವ ಅವಕಾಶವೇ ಇಲ್ಲ.

ನಾವು ಈಗ ಮಾಡುತ್ತಿರುವುದು ಇಷ್ಟು. ಗರಗಸದಲ್ಲಿ ಬುಡಕ್ಕೆ ಕೊಯ್ದು, ಕೊಯ್ದ ತಕ್ಷಣ ಕಳೆ ಕೊಲ್ಲುವ ಜೆಲ್ ಸವರುವುದು. ಲೇಬಲ್ ಮೇಲೆ ಗಾರ್ಸ್ ಹೆಸರಿರುವ ಜೆಲ್ಲೇ ಆಗಬೇಕು. ತಡ ಮಾಡಿದರೆ ಬುಡ ಒಣಗಿ ಔಷಧಿ ಒಳಗೆ ಇಳಿಯುವುದಿಲ್ಲ. ಬೇಲಿಯ ಕೆಳಗಿನ ಮಣ್ಣನ್ನು ಬೇರೆ ಕಡೆ ಒಯ್ಯುವುದೇ ಇಲ್ಲ, ಕಾಯಿ ಇರುವ ಕೊಂಬೆ ಗೊಬ್ಬರದ ಗುಂಡಿಗೆ ಹಾಕುವುದಿಲ್ಲ. ಖಾಲಿಯಾದ ಜಾಗಕ್ಕೆ ದಪ್ಪಗೆ ಮರದ ಚೂರು ಹರಡಿ ಗ್ರಿಸೆಲಿನಿಯಾ, ಕೊರೋಕಿಯಾ ನೆಟ್ಟಿದ್ದೇವೆ. ಎರಡೂ ಇಲ್ಲಿಯದೇ ಗಿಡ, ಗಾಳಿ ತಡೆಯುತ್ತವೆ, ಚುಚ್ಚುವುದಿಲ್ಲ.

ನೀಲಗಿರಿ ಕಡೆ ಮನೆ, ಎಸ್ಟೇಟ್ ಇರುವವರೂ ಗಮನಿಸಿ. ಬ್ರಿಟಿಷರು ಊಟಿಗೂ ಇದನ್ನು ತಂದಿದ್ದರು, ಶೋಲಾ ಹುಲ್ಲುಗಾವಲಿನಲ್ಲಿ ಈಗಲೂ ಹಬ್ಬಿಕೊಂಡಿದೆ. ಹೂ ಚೆಂದ ಅಂತ ಅಲ್ಲಿಂದ ಕಾಯಿ ಕಿತ್ತು ಚಿಕ್ಕಮಗಳೂರಿಗೋ ಕೊಡಗಿಗೋ ತರಬೇಡಿ. ಲಂಟಾನದ ಕಾಟ ನಮಗೆ ಸಾಲದಾ?

ಮನೆ ತಗೊಳ್ಳುವವರು ಆದರೆ ಹೂ ಬಿಡುವ ಕಾಲದಲ್ಲೇ ಒಮ್ಮೆ ಹೋಗಿ ನೋಡಿ, ಹಳದಿ ಎಲ್ಲೆಲ್ಲಿ ಇದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಪಕ್ಕದವರನ್ನು ಮಾತಾಡಿಸಿ. ಗಾರ್ಸ್ ಇದ್ದರೆ ತೆಗೆಸಲು ಎಷ್ಟಾಗುತ್ತದೆ ಅಂತ ವಿಚಾರಿಸಿ, ಆ ದುಡ್ಡನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಕಡಿಯುವವರಿಗೆ ಪೂರ್ತಿ ಹಣ ಮೊದಲೇ ಕೊಡಬೇಡಿ, ಬುಡ ಸವರುವಾಗ ಪಕ್ಕದಲ್ಲೇ ನಿಂತಿರಿ.