ಕೊಕೊಪೀಟ್ ಇಟ್ಟಿಗೆ: ನೆರಳಿನ ಜಾಗಕ್ಕೆ ಸಣ್ಣದೇ ಸಾಕು

ನರ್ಸರಿಗಳಲ್ಲಿ ಸಿಗುವ 5 ಕೆ.ಜಿ. ಕೊಕೊಪೀಟ್ ಇಟ್ಟಿಗೆ ಬಿಸಿಲು ಬಡಿಯುವ ತಾರಸಿಗೆ ಒಳ್ಳೆಯ ಸರಕು. ಕಾಂಪೌಂಡಿಗೂ ಮನೆಗೂ ನಡುವಿನ ಓಣಿಗೆ, ಮಾವಿನ ಮರದಡಿಗೆ ಅದನ್ನು ಕೊಳ್ಳುವುದು ದಂಡ.

ತೆಂಗಿನ ನಾರಿನ ಈ ಪುಡಿ ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ. ತಾರಸಿಯಲ್ಲಿ ಅದೇ ವರ. ನೆರಳಲ್ಲಿ ಆ ನೀರು ದಿನಗಟ್ಟಲೆ ಆರುವುದಿಲ್ಲ. ಮೇಲ್ಪದರ ಮಾತ್ರ ಬೇಗ ತಿಳಿಬಣ್ಣಕ್ಕೆ ತಿರುಗಿ ಒಣಗಿದಂತೆ ಕಾಣುತ್ತದೆ. ಒಳಗಿನದನ್ನು ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ. ಬಣ್ಣ ನೋಡಿ ಮತ್ತೊಂದು ಚೊಂಬು ಸುರಿದರೆ ಮೆಂತ್ಯ, ಕೊತ್ತಂಬರಿ ಸಸಿಗಳ ಬುಡ ಕೊಳೆತು ಸಾಲುಸಾಲಾಗಿ ಮಲಗುತ್ತವೆ, ಜೊತೆಗೆ ಸಣ್ಣ ಕಪ್ಪು ನೊಣದ ಕಾಟ. ಬೆರಳನ್ನು ಒಂದು ಗೆಣ್ಣು ಒಳಗಿಳಿಸಿ, ತೇವ ತಗುಲದಿದ್ದರಷ್ಟೇ ನೀರು.

ಮಣ್ಣು, ಗೊಬ್ಬರ, ಕೊಕೊಪೀಟ್ ಸಮಸಮ ಎಂಬ ಸಾಮಾನ್ಯ ಲೆಕ್ಕ ನೆರಳಿಗೆ ಒಗ್ಗುವುದಿಲ್ಲ. ಚಿತ್ರದುರ್ಗದ ಕಡೆಯ ಕೆಂಪು ಮಣ್ಣಾದರೆ ಮಣ್ಣು 3 ಪಾಲು, ಕಳಿತ ಕೊಟ್ಟಿಗೆ ಗೊಬ್ಬರ 2, ಸುಟ್ಟ ಭತ್ತದ ಹೊಟ್ಟು 2, ಕೊಕೊಪೀಟ್ 1. ದಾವಣಗೆರೆ ಸುತ್ತಿನ ಎರೆ ಮಣ್ಣು ತಾನೇ ನೀರು ಬಿಡದ ಜಿಗುಟು; ಅದನ್ನು 2 ಪಾಲಿಗೆ ಇಳಿಸಿ ಹೊಟ್ಟನ್ನು 3 ಮಾಡಬೇಕು. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಊರಲ್ಲಿ ಹೊಟ್ಟಿಗೇನು ಬರವೇ! ಕಪ್ಪಗೆ ಅರೆಬೆಂದದ್ದೇ ಬೇಕು. ಬಿಳಿ ಬೂದಿಯಾದದ್ದು ಗಾಳಿಯಾಡುವ ಸಂದುಗಳನ್ನು ಮುಚ್ಚುತ್ತದೆ, ಮಣ್ಣಿನ ಕ್ಷಾರವನ್ನೂ ಏರಿಸುತ್ತದೆ.

ಈಗ ಲೆಕ್ಕ ಹಾಕಿ. 12 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗಿಗೆ (ಗಿಡ ಬೆಳೆಸುವ ಚೀಲ) ಸುಮಾರು 20 ಲೀಟರ್ ಮಿಶ್ರಣ ಬೇಕು. ಅದರಲ್ಲಿ ಕೊಕೊಪೀಟ್ ಎರಡೂವರೆ ಲೀಟರ್. ನೆನೆದ ಮೇಲೆ 650 ಗ್ರಾಂ ಇಟ್ಟಿಗೆ ಎಂಟೊಂಬತ್ತು ಲೀಟರ್ ಆಗುತ್ತದೆ, ಮೂರು ಬ್ಯಾಗಿಗೆ ಸಾಕು. 5 ಕೆ.ಜಿ.ಯದು 70 ಲೀಟರಿನ ಆಸುಪಾಸು ಉಬ್ಬುತ್ತದೆ. ಇಪ್ಪತ್ತೆಂಟು ಬ್ಯಾಗನ್ನು ಓಣಿಯಲ್ಲಿ ಇಟ್ಟವರು ಓಡಾಡುವುದೆಲ್ಲಿ?

ಗುಣಮಟ್ಟದಲ್ಲಿ ದೊಡ್ಡ ದೂರು ಉಪ್ಪಿನದು. ಚೀಟಿಯಲ್ಲಿ ‘ಲೋ ಇಸಿ’ (ಉಪ್ಪಿನಂಶ ಕಡಿಮೆ) ಎಂದು ಇರದಿದ್ದರೆ ತೊಳೆಯದ ಮಾಲು ಎಂದೇ ಹಿಡಿಯುವುದು ಕ್ಷೇಮ. 650 ಗ್ರಾಮನ್ನು 4 ಲೀಟರ್ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಕಡು ಚಹಾ ಬಣ್ಣದ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಬೋರಿನ ಗಡಸು ನೀರಾದರೆ ಕೊನೆಯ ಸಲಕ್ಕಾದರೂ ಮಳೆನೀರು. ತೊಳೆಯದೆ ಹಾಕಿದರೆ ಎಲೆಯಂಚು ಸುಟ್ಟಂತಾಗುತ್ತದೆ. ಕೆಳಗಿನ ಎಲೆ ಹಳದಿಯಾದರೆ ಅದು ಬೇರೆ ಕಥೆ: ಕೊಕೊಪೀಟಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. 15 ದಿನಕ್ಕೊಮ್ಮೆ ಬ್ಯಾಗಿಗೆ ಒಂದು ಹಿಡಿ ಎರೆಹುಳು ಗೊಬ್ಬರ ಕೊಡಿ. ಯೂರಿಯಾ ಬೇಡ, ನೆರಳಿನ ಗಿಡ ಮೊದಲೇ ಸೊರಗಿ ಉದ್ದವಾಗಿರುತ್ತದೆ, ಯೂರಿಯಾ ಬಿದ್ದರೆ ಇನ್ನಷ್ಟು ಮೆತ್ತಗಾಗಿ ಹೇನು ಹತ್ತುತ್ತದೆ.

ಮಿಶ್ರಣ ಎಷ್ಟೇ ಚೆನ್ನಾಗಿದ್ದರೂ ಟೊಮೆಟೊ, ಬದನೆ, ಮೆಣಸಿನಕಾಯಿ ನೆರಳಲ್ಲಿ ಹೂವುದುರಿಸುತ್ತವೆ. ಮೂರು ನಾಲ್ಕು ತಾಸು ಬಿಸಿಲಿದ್ದರೆ ಪಾಲಕ್, ಮೆಂತ್ಯ, ಕೊತ್ತಂಬರಿ. ಅದಕ್ಕಿಂತ ಕಡಿಮೆಯಾದರೆ ಪುದೀನ, ಒಂದೆಲಗ, ಕೆಸು. ಮನೆಯ ಉತ್ತರದ ಓಣಿ ಹನ್ನೆರಡೂ ತಿಂಗಳು ನೆರಳೆಂದು ತಿಳಿಯಬೇಡಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಮೇ ತಿಂಗಳಲ್ಲಿ ಅಲ್ಲಿನ ಕೊತ್ತಂಬರಿ ಏಕಾಏಕಿ ಹೂ ಬಿಡುವುದು ಅದಕ್ಕೇ.